ಎಲೆಯ ಪಕ್ಕದ ಗ್ಲಾಸು

ಓರೆಸ್ತೆ ತ್ರವಾಲಿನಿಯನ್ನು ಕುಸುಮ ಮೊದಲು ನೋಡಿದ್ದು ಮಸ್ಕತ್ತಿನ ರೂವಿಯಲ್ಲಿ ತಾನು ಕೆಲಸಕ್ಕೆ ಸೇರಿದ ಆಫೀಸಿನ ಗೋಡೆಯ ಮೇಲೆ. ದೇಶದ ದೊರೆಯ ಚಿತ್ರಕ್ಕಿಂತ ಒಂದು ಗೇಣು ಕೆಳಗೆ, ಹೆಗಲ ಮೇಲೆ ಕೋಟು ಇಳಿಬಿಟ್ಟುಕೊಂಡು, ಅರ್ಧ ಕಟ್ಟಿದ ಸೇತುವೆಯೊಂದರ ಮುಂದೆ ನಗುತ್ತ ನಿಂತಿದ್ದ ಮನುಷ್ಯ. ಇಟಲಿಯವರು ಅವನನ್ನು ಕೊಮೆಂದಾತೋರೆ ಎನ್ನುತ್ತಿದ್ದರು. ಅದು ಅವರ ಸರಕಾರ ಕೊಟ್ಟ ಬಿರುದಂತೆ. ಊರ ಹೊರಗೆ ಅಮೇರಾತಿನಲ್ಲಿ ಅವನ ಕಂಪೆನಿಯ ಕಲ್ಲುಕೋರೆಯಲ್ಲಿ ದುಡಿಯುತ್ತಿದ್ದ ತುಳುನಾಡಿನವರಿಗೆ ಅಷ್ಟುದ್ದದ ಹೆಸರು ನಾಲಗೆಗೆ ಹೊರಳಲಿಲ್ಲ. ಅವರು ಧಣಿ ಎಂದರು. ಧಣಿ ಎಂದೇ ಉಳಿಯಿತು.

ಧಣಿಯ ಕಥೆ ಎಲ್ಲರಿಗೂ ಗೊತ್ತಿತ್ತು. ಅದನ್ನು ಬರೆಸಿ ಅಚ್ಚು ಹಾಕಿಸಿದವನು ಆತನೇ. ಹೆಂಚಿನ ಭಟ್ಟಿಯ ಕೂಲಿಯ ಮಗ. ಹುಡುಗನಾಗಿದ್ದಾಗ ಮಣ್ಣು ತುಳಿದವನು, ಮೀಸೆ ಬಲಿಯುವ ಹೊತ್ತಿಗೆ ಅದೇ ಭಟ್ಟಿಯನ್ನು ಕೊಂಡವನು. ಆಮೇಲೆ ಸಿಮೆಂಟು, ರಸ್ತೆ, ಸೇತುವೆ, ಬಂದರು. ಇದು ಅಚ್ಚಾದ ಭಾಗ. ಅಚ್ಚಾಗದ ಭಾಗವನ್ನು ಹೇಳಿದವಳು ಪ್ಯಾಟ್ರಿಷಿಯಾ. ಉಡುಪಿ ಕಡೆಯ ಕೊಂಕಣಿ ಹೆಂಗಸು, ಆಫೀಸಿನಲ್ಲಿ ಕುಸುಮಳ ಪಕ್ಕದ ಮೇಜಿನ ಟೈಪಿಸ್ಟ್. ವರ್ಷಗಟ್ಟಲೆ ಇಟಲಿಯವರ ಬೈಗುಳ ಕೇಳಿ ಕೇಳಿಯೇ ಅವರ ಭಾಷೆ ಕಲಿತವಳು.

"ಅವನು ಕಟ್ಟಿದ ಒಂದು ಸೇತುವೆ ಬಿದ್ದು ಬಸ್ಸು ಹೊಳೆಗೆ ಹೋಯ್ತು ಮಾರಾಯ್ತಿ. ಪೇಪರಿನವರೆಲ್ಲ ಮುಖಕ್ಕೆ ಉಗಿದ್ರು. ಉಗಿದ ಪೇಪರ್‌ಗಳಲ್ಲಿ ಒಂದು ನಷ್ಟದಲ್ಲಿತ್ತು. ಇವನು ಅದನ್ನೇ ತಗೊಂಡ."

"ಮತ್ತೆ?"

"ಮತ್ತೆಂತ? ಆಮೇಲಿಂದ ಸೇತುವೆ ಬಿದ್ದದ್ದು ಮಳೆಗೆ."

ಆ ಪತ್ರಿಕೆಯ ಹೆಸರು ಲಾ ಲಂತೆರ್ನಾ, ಅಂದರೆ ಲಾಟೀನು. ಎಂಬತ್ತರ ದಶಕದಲ್ಲಿ ಆತ ಎರಡು ಟೀವಿ ಚಾನೆಲ್‌ಗಳನ್ನೂ ಕೊಂಡ. ಮಂತ್ರಿಗಳ ಜೊತೆ ಊಟ, ಲಂಚದ ಮಾತು, ಕೋರ್ಟು ಎಲ್ಲವೂ ಬಂದವು. ಬಂದ ಹಾಗೆ ಹೋದವು.

ಕುಸುಮಳ ಗಂಡ ಸೇಸಪ್ಪ ಮಾತ್ರ ಧಣಿಯ ಮೇಲೆ ಒಂದು ಮಾತು ಕೇಳುತ್ತಿರಲಿಲ್ಲ. ಸೇಸಪ್ಪನ ಅಪ್ಪ ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿ ಭಟ್ಟಿಗೆ ಸೌದೆ ಒಟ್ಟುತ್ತಲೇ ಮುದುಕನಾದವನು. "ಅವನೂ ಹೆಂಚಿನವ, ನಾವೂ ಹೆಂಚಿನವ್ರು. ಒಂದೇ ಮಣ್ಣು," ಎನ್ನುತ್ತಿದ್ದ. ಕೋರೆಯಲ್ಲಿ ಅವನು ಕ್ರೇನು ನಡೆಸುತ್ತಿದ್ದ. ಸಮುದ್ರಕ್ಕೆ ತಡೆಗೋಡೆ ಕಟ್ಟಲು ಆನೆಗಾತ್ರದ ಬಂಡೆಗಳನ್ನು ಎತ್ತಿ ಲಾರಿಗಿಡುವ ಕೆಲಸ. ಬಂಡೆಯನ್ನು ಮಗು ಮಲಗಿಸಿದ ಹಾಗೆ ಇಡುತ್ತಾನೆ ಎಂದು ಪಠಾಣ ಡ್ರೈವರುಗಳು ಹೇಳುತ್ತಿದ್ದರು. ಚಿಕ್ಕಂದಿನಲ್ಲಿ ಕಾಮಾಲೆ ಬಂದು ಸಾಯುವಷ್ಟಾಗಿದ್ದವನು, ಅಂದಿನಿಂದ ಹೆಂಡ ಮುಟ್ಟಿದವನಲ್ಲ. ಕ್ಯಾಂಪಿನಲ್ಲಿ ಉಳಿದವರು ಬಾಟಲಿ ಬಿಚ್ಚಿದರೆ ಅವನು ಎಳನೀರಿನ ಡಬ್ಬಿ ತೆಗೆಯುತ್ತಿದ್ದ. ಅದಕ್ಕೆ ಅವನಿಗೆ 'ಬೊಂಡ', ಅಂದರೆ ಎಳನೀರು, ಎಂದೇ ಹೆಸರು ಬಿದ್ದಿತ್ತು.

ಕ್ರೇನಿನ ಉಕ್ಕಿನ ಹಗ್ಗದ ಎಳೆಗಳು ಬಿಚ್ಚತೊಡಗಿದ್ದು ತೊಂಬತ್ತೆರಡರ ಮಳೆಗಾಲ ಕಳೆದ ಮೇಲೆ. ಮಳೆಗಾಲ ಎಂದರೆ ಊರಿನ ಲೆಕ್ಕ, ಅಮೇರಾತಿನಲ್ಲಿ ಎಲ್ಲಿಯ ಮಳೆ. ಸೇಸಪ್ಪ ಸೈಟ್ ಇಂಜಿನಿಯರಿಗೆ ಹೇಳಿದ. ಆತ ‘ದೊಮಾನಿ’ ಎಂದ. ನಾಳೆ. ಇನ್ನೊಮ್ಮೆ ಹೇಳಿದ. ದೊಮಾನಿ.

"ಮಾರಿ ಬಾರದ ಹಾಗೆ ಬಾಗಿಲಿಗೆ ನಾಳೆ ಬಾ ಅಂತ ಬರೀತಾರಲ್ಲ, ಹಾಗೇ ಉಂಟು ಇವ್ರದ್ದು," ಎಂದು ಮನೆಗೆ ಬಂದು ನಕ್ಕ. "ಹಗ್ಗ ಓದ್ಲಿಕ್ಕೆ ಕಲಿತಿದ್ರೆ ಒಳ್ಳೇದಿತ್ತು."

ಹಗ್ಗ ಓದಲಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ ಅದು ತುಂಡಾಗಿ, ಬಂಡೆ ಹಿಂದಕ್ಕೆ ತೂಗಿ, ಕ್ರೇನು ಮಗುಚಿತು. ಸೇಸಪ್ಪ ಹೋದ. ಕೆಳಗೆ ಅಳತೆ ನೋಡುತ್ತಿದ್ದ ಇಟಲಿಯ ಹುಡುಗನೊಬ್ಬ, ಸರ್ವೇಯರ್, ಅವನೂ ಹೋದ.

ಕುಸುಮ ಹೆಣದ ಜೊತೆ ಊರಿಗೆ ಹೋದಳು. ಉತ್ತರಕ್ರಿಯೆಯ ಬೊಜ್ಜ ಮುಗಿಸಿ, ಮಗಳು ಮೋಹಿನಿಯ ಶಾಲೆಯ ವರ್ಷ ಕೆಡಬಾರದೆಂದು ಜನವರಿಯ ಕೊನೆಗೆ ತಿರುಗಿ ಬಂದಳು. ಸೀಬಿನ ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿಯವನು ಎಲ್ಲಿಗೆ ಎಂದು ಕೇಳಿದಾಗ ಮೋಹಿನಿಯೇ "ರೂವಿ" ಎಂದಳು.

ಆಫೀಸಿಗೆ ಹೋದ ದಿನ ಪ್ಯಾಟ್ರಿಷಿಯಾ ಅವಳನ್ನು ಚಹಾ ಮಾಡುವ ಕೋಣೆಗೆ ಕರೆದಳು.

"ಕೂತ್ಕೋ ಕುಸುಮಾ. ನಾನು ಹೇಳದಿದ್ರೆ ಬೇರೆಯವ್ರು ಹೇಳ್ತಾರೆ. ರಿಪೋರ್ಟು ಟೈಪ್ ಮಾಡಿದ್ದು ನಾನೇ. ಸೇಸಪ್ಪಣ್ಣ ಕುಡಿದಿದ್ರು ಅಂತ ಬರೆದಿದ್ದಾರೆ."

ಕೆಟಲ್ಲು ಕುದಿದು ತಾನಾಗಿ ಆರಿತು.

"ಯಾರು ಹೇಳಿದ್ದಂತೆ?"

"ಆ ಇಂಜಿನಿಯರ್. ಬಾಯಲ್ಲಿ ವಾಸನೆ ಬರ್ತಿತ್ತಂತೆ."

ಬಾಯಿಯೇ ಉಳಿದಿರಲಿಲ್ಲ. ಪೆಟ್ಟಿಗೆ ತೆರೆಯಬೇಡಿ ಎಂದು ಊರಿನಲ್ಲಿ ಎಲ್ಲರೂ ಅವಳನ್ನು ಹಿಡಿದುಕೊಂಡಿದ್ದರು. ಅದನ್ನು ಅವಳು ಪ್ಯಾಟ್ರಿಷಿಯಾಗೆ ಹೇಳಲಿಲ್ಲ.

ಅವಳಿಗೆ ಬೇರೇನೂ ಬೇಕಿರಲಿಲ್ಲ. ಕಂಪೆನಿ ಕೊಡುವುದನ್ನು ಕೊಡಲಿ, ಬಿಡಲಿ. ಆ ಒಂದು ಸಾಲು ಹೋಗಬೇಕಿತ್ತು. ಮೋಹಿನಿಗೆ ಆಗ ಏಳು ವರ್ಷ. ಅವಳು ದೊಡ್ಡವಳಾಗಿ ಅಪ್ಪ ಹೇಗೆ ಸತ್ತ ಎಂದು ಕೇಳಿದರೆ ಹೇಳಲು ಹಗ್ಗ ಇರಬೇಕಿತ್ತು, ಬಾಟಲಿ ಅಲ್ಲ.

ಅವಳು ಸಿರಿಲ್ ಅವರ ಬಳಿ ಹೋದಳು. ಮಂಗಳೂರಿನವರು, ಆಫೀಸಿನ ಆಡಳಿತವೆಲ್ಲ ಅವರ ಕೈಯಲ್ಲಿ. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಅದು ಇಟಲಿಗೆ ಹೋಗಿ ಆಯ್ತು ಕುಸುಮಾ. ಖಲಾಸ್. ನನ್ನ ಕೈಯಲ್ಲಿ ಇಲ್ಲ."

"ನೀವು ಅವ್ರನ್ನು ನೋಡಿದವ್ರಲ್ವಾ ಸರ್? ಕ್ರಿಸ್ಮಸ್ಸಿಗೆ ನಿಮ್ಮ ಮನೆಯಲ್ಲಿ ವೈನ್ ಕೊಟ್ರೆ ಅದನ್ನೂ ಮುಟ್ತಿರ್ಲಿಲ್ಲ."

"ನನಗೆ ಗೊತ್ತಿಲ್ವಾ? ಬೊಂಡ ಅಂತ ಹೆಸರಿಟ್ಟದ್ದೇ ನಾನು." ಅವರ ದನಿ ತಗ್ಗಿತು. "ಒಂದು ಮಾತು ಹೇಳ್ತೇನೆ ಕೇಳು. ಧಣಿಯೇ ಬರ್ತಾ ಇದ್ದಾರೆ. ಆ ಸರ್ವೇಯರ್ ಹುಡುಗನ ತಾಯಿ ಅಲ್ಲಿ ಬೇರೆ ಟೀವಿಯಲ್ಲಿ ಕೂತು ಅಳ್ತಾ ಇದ್ದಾರಂತೆ. ಮಿಲಾನಿನಲ್ಲಿ ಬೇರೆ ಲಂಚದ ತನಿಖೆ. ಅದಕ್ಕೆ ಧಣಿ ತನ್ನ ಪೇಪರಿನವ್ರನ್ನು ಕಟ್ಟಿಕೊಂಡು ಇಲ್ಲಿಗೆ ಬರುದು. ನಿನ್ನ ಮನೆಗೂ ಬರ್ತಾರೆ. ಅವರ ಹತ್ರವೇ ಕೇಳು. ಅವ್ರು ಬೇಡ ಅಂದ್ರೆ ಆ ಸಾಲು ಇರುದಿಲ್ಲ."

"ಯಾವಾಗ?"

"ಶುಕ್ರವಾರ ಮಧ್ಯಾಹ್ನ."

ಶುಕ್ರವಾರ ಮಧ್ಯಾಹ್ನ ಸೇಸಪ್ಪನಿಗೆ ಬಡಿಸುವುದಿತ್ತು.

ಬಡಿಸುವುದು ಕೊರಗಪ್ಪಣ್ಣನ ಹಟ. ರೂವಿಯಲ್ಲಿ ಹೊಲಿಗೆ ಅಂಗಡಿ ಇಟ್ಟು ಅರಬರ ನಿಲುವಂಗಿ ದಿಶ್ದಾಶ ಹೊಲಿಯುತ್ತಿದ್ದ ಮುದುಕ, ಸೇಸಪ್ಪನನ್ನು ಮಸ್ಕತ್ತಿಗೆ ಕರೆತಂದವನು, ಸಂಬಂಧದಲ್ಲಿ ದೂರದ ದೊಡ್ಡಪ್ಪ. ಊರಿನಲ್ಲಿ ಎಲ್ಲ ಮಾಡಿ ಆಯಿತಲ್ಲ ಎಂದು ಕುಸುಮ ಹೇಳಿದರೆ ಕೇಳಲಿಲ್ಲ.

"ಜೀವ ಹೋದದ್ದು ಇಲ್ಲಿ. ಕಡೇ ಅನ್ನ ಉಂಡದ್ದು ಈ ಮನೆಯಲ್ಲಿ. ಇಲ್ಲಿ ಕರೆದು ಒಂದೆಲೆ ಹಾಕದಿದ್ರೆ ಅವ ಆ ಕೋರೆಯಲ್ಲೇ ತಿರುಗ್ತಾ ಇರ್ತಾನೆ ಮಗಾ. ನೀನು ಕಲಿತವಳು, ನಿನಗೆ ಬೇಡದೆ ಇರಬಹುದು. ಅವನಿಗೆ ಬೇಕಲ್ಲ."

ಕೋಳಿ ಸಾರು, ಕೋರಿ ರೊಟ್ಟಿ, ಬಂಗುಡೆಯ ಪುಳಿಮುಂಚಿ, ವೀಳ್ಯ. ಬಾಳೆ ಎಲೆ ತರಕಾರಿ ಅಂಗಡಿಯ ಮಲಯಾಳಿ ಕೊಟ್ಟ. ಒಂದೆಲೆ ಸೇಸಪ್ಪನಿಗೆ, ಒಂದೆಲೆ ಅವನ ಜೊತೆ ಬರುವ ಹಿರಿಯರಿಗೆ. ಕೊನೆಗೆ ಕೊರಗಪ್ಪಣ್ಣ ಕೈಚೀಲದಿಂದ ಒಂದು ಬಾಟಲಿ ತೆಗೆದ. ಊರಿನಲ್ಲಾದರೆ ಕಳ್ಳು ಇಡುತ್ತಿದ್ದರು. ಇಲ್ಲಿ ಕಳ್ಳೆಲ್ಲಿ? ಹೆಂಡ ಕೊಳ್ಳುವ ಪರ್ಮಿಟ್ ಇದ್ದ ಫ್ರೆಡ್ಡಿ ಎಂಬವನನ್ನು ಕಾಡಿ ಬೇಡಿ ತಂದ ವಿಸ್ಕಿ.

"ಅವರು ಕುಡಿಯುವವರಲ್ಲ ಕೊರಗಪ್ಪಣ್ಣ."

"ಅವ ಕುಡೀಲಿಕ್ಕೆ ಅಲ್ಲ ಮಾರಾಯ್ತಿ. ಅವನ ಒಟ್ಟಿಗೆ ಅವನ ಅಪ್ಪ ಬರ್ತಾನೆ, ಅಜ್ಜ ಬರ್ತಾನೆ. ಮನೆಗೆ ಬಂದ ಹಿರಿಯರಿಗೆ ಗಂಟಲು ಒದ್ದೆ ಮಾಡ್ಲಿಕ್ಕೆ ಎಂತದೂ ಇಲ್ಲ ಅಂದ್ರೆ ಅವನ ಮರ್ಯಾದೆ ಎಂತ ಆಗ್ಬೇಕು? ಹೊಸ ಸತ್ತವ. ಅಲ್ಲಿಯ ಪಂಕ್ತಿಯಲ್ಲಿ ಅವನೇ ಚಿಕ್ಕವ."

ಗ್ಲಾಸನ್ನು ತೊಳೆದು ಕೊಟ್ಟವಳು ಕುಸುಮಳೇ.

ಧಣಿ ಹೇಳಿದ ಹೊತ್ತಿಗೇ ಬಂದ. ಗೋಡೆಯ ಚಿತ್ರಕ್ಕಿಂತ ಕುಳ್ಳ, ಮುದುಕ. ಹಿಂದೆ ಸಿರಿಲ್, ಪ್ಯಾಟ್ರಿಷಿಯಾ, ಫೋಟೋ ತೆಗೆಯುವವನೊಬ್ಬ, ಟೀವಿಯ ಕ್ಯಾಮೆರಾದವನೊಬ್ಬ. ಆತ ಬಾಗಿಲಲ್ಲೇ ಬೂಟು ಬಿಚ್ಚಿದ. ಯಾರೂ ಹೇಳಿರಲಿಲ್ಲ. ಎರಡೂ ಕೈಗಳಿಂದ ಅವಳ ಕೈ ಹಿಡಿದುಕೊಂಡ. ಆ ಕೈ ಬೆಚ್ಚಗಿತ್ತು, ಒರಟಾಗಿತ್ತು. ಹೆಂಚಿನವರ ಕೈ ಎಂದು ಕುಸುಮಳಿಗೆ ಅನ್ನಿಸಿತು. ಸೇಸಪ್ಪನ ಅಪ್ಪನೂ ಭಟ್ಟಿಯ ಕೆಲಸದವನು ಎಂದು ಪ್ಯಾಟ್ರಿಷಿಯಾ ಹೇಳಿದಾಗ ಆತನ ಕಣ್ಣು ತುಂಬಿತು. ಅದು ನಾಟಕವಲ್ಲ. ಆಮೇಲೂ, ಎಲ್ಲ ಆದ ಮೇಲೂ, ಕುಸುಮ ಅದನ್ನು ನಾಟಕ ಎನ್ನಲಿಲ್ಲ. ಅಳು ಬರುವವರು ಕೇಡು ಮಾಡುವುದಿಲ್ಲ ಎಂದು ಯಾರು ಹೇಳಿದ್ದಾರೆ.

ಅವಳು ಕೇಳಬೇಕಾದದ್ದನ್ನು ಮನಸ್ಸಿನಲ್ಲೇ ಎಷ್ಟೋ ಸಲ ಹೇಳಿ ನೋಡಿದ್ದಳು. ಈಗ ಹೇಳಿದಳು. ಅವರು ಕುಡಿಯುವವರಲ್ಲ. ಹಗ್ಗ ಹಳೆಯದಾಗಿತ್ತು. ಹೇಳಿದ್ದರು. ಆ ಒಂದು ಮಾತನ್ನು ತೆಗೆಸಿಕೊಡಿ.

ಪ್ಯಾಟ್ರಿಷಿಯಾ ಇಟಲಿಯ ಭಾಷೆಯಲ್ಲಿ ಹೇಳಿದಳು. ಸಿರಿಲ್ ನೆಲ ನೋಡುತ್ತಿದ್ದರು. ಧಣಿ ತಲೆಯಾಡಿಸುತ್ತ ಕೇಳಿದ. ಕೊನೆಗೆ ಅವಳ ಕೈಯನ್ನು ಮೆಲ್ಲಗೆ ತಟ್ಟಿ ಏನೋ ಹೇಳಿದ. ಅದರಲ್ಲಿ ಒಂದು ಶಬ್ದ ಕುಸುಮಳಿಗೆ ತಿಳಿಯಿತು. ದೊಮಾನಿ.

"ನಾಳೆ ವಿಚಾರಿಸ್ತಾರಂತೆ," ಎಂದಳು ಪ್ಯಾಟ್ರಿಷಿಯಾ.

ಅಷ್ಟರಲ್ಲಿ ಕೊರಗಪ್ಪಣ್ಣನಿಗೆ ಹೊತ್ತು ಮೀರುತ್ತಿತ್ತು. ಕಿಟಕಿಯ ಪರದೆಗಳನ್ನು ಎಳೆದು, ಸೇಸಪ್ಪನ ಚಿತ್ರದ ಮುಂದೆ ದೀಪ ಹಚ್ಚಿ, ಕೈ ಮುಗಿದು ಕರೆದ. "ಮಾತೆರ್‌ಲಾ ಬಲೆ, ವನಸ್ ಮಲ್ಪುಲೆ." ಎಲ್ಲರೂ ಬನ್ನಿ, ಊಟ ಮಾಡಿ. ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿದ. ಸತ್ತವರು ಉಣ್ಣುವಾಗ ಬದುಕಿದವರು ನೋಡಬಾರದು. ಬಾಗಿಲು ಹಾಕಿ ಹೊರಗೆ ನಿಲ್ಲಬೇಕು, ಸ್ವಲ್ಪ ಹೊತ್ತು ಬಿಟ್ಟು ತಟ್ಟಿ ಒಳಗೆ ಹೋಗಬೇಕು. ಧಣಿಯೂ ಬರಿಗಾಲಲ್ಲಿ ಹೊರಗಿನ ಕಾರಿಡಾರಿನಲ್ಲಿ ನಿಂತ. ಕೈ ಕಟ್ಟಿಕೊಂಡು ಇಗರ್ಜಿಯಲ್ಲಿ ನಿಂತ ಹಾಗೆ.

ಬಾಗಿಲ ಕೆಳಗಿನ ಸಂದಿಯಿಂದ ಫಕ್ಕನೆ ಬೆಳಕು ಬಂತು. ಬಿಳಿ ಬೆಳಕು. ಬಂದು ಹೋಯಿತು. ಮತ್ತೊಮ್ಮೆ ಬಂತು.

ಕೊರಗಪ್ಪಣ್ಣ ಎರಡೂ ಕೈ ಎತ್ತಿ ಮುಗಿದ.

"ಬಂದ," ಎಂದ. "ನೋಡಿದ್ಯಾ ಮಗಾ? ಬಂದ ನಮ್ಮವ."

ಕಾಲೇಜಿನಲ್ಲಿ ಕಲಿತದ್ದೆಲ್ಲ ಆ ಗಳಿಗೆಯಲ್ಲಿ ಕುಸುಮಳನ್ನು ಬಿಟ್ಟುಹೋಯಿತು. ಸೇಸಪ್ಪ ಹೋದ ಮೇಲೆ ಮೊದಲ ಸಲ ಅವಳು ಅತ್ತಳು. ಮೋಹಿನಿ ಅವಳ ಸೊಂಟ ಅಪ್ಪಿಕೊಂಡು "Is it Papa?" ಎಂದಳು. ಕುಸುಮ ಹೌದು ಎಂದು ತಲೆಯಾಡಿಸಿದಳು.

ಎಲ್ಲ ಮುಗಿದು ಅವರು ಹೊರಟಾಗ, ಫೋಟೋದವನು ಕೆಳಗೆ ಕಾರಿನ ಪಕ್ಕದಲ್ಲಿ ಮೊದಲೇ ನಿಂತಿದ್ದ. ಅಡುಗೆಮನೆಯ ಹಿಂದಿನ ಮೆಟ್ಟಿಲಿನ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ಅವಳು ಅದನ್ನು ನೋಡಿದಳು. ಕೋಳಿ ತೊಳೆದ ನೀರು ಚೆಲ್ಲಲು ತಾನೇ ತೆರೆದಿರಬೇಕು ಎಂದುಕೊಂಡು ಚಿಲಕ ಹಾಕಿದಳು.

ಲಂತೆರ್ನಾದ ಪ್ರತಿ ಆಫೀಸಿಗೆ ವಿಮಾನದಲ್ಲಿ ಬರುತ್ತಿತ್ತು. ಅದು ಬಂದ ದಿನ ಪ್ಯಾಟ್ರಿಷಿಯಾ ಪುಟ ಮಡಚಿ ಮೇಜಿನ ಕೆಳಗಿಟ್ಟಳು. ಆದರೆ ಕುಸುಮ ಅಷ್ಟರೊಳಗೆ ನೋಡಿದ್ದಳು. ಒಂದು ಚಿತ್ರದಲ್ಲಿ ಧಣಿ ಅವಳ ಕೈ ಹಿಡಿದಿದ್ದ. ಇನ್ನೊಂದು ಚಿತ್ರದಲ್ಲಿ ಯಾರೂ ಇರಲಿಲ್ಲ. ಕತ್ತಲ ಕೋಣೆ, ಹಾರ ಹಾಕಿದ ಸೇಸಪ್ಪ, ದೀಪ, ಎಲೆ. ಎಲೆಯ ಪಕ್ಕದಲ್ಲಿ ವಿಸ್ಕಿ ಬಾಟಲಿ, ತುಂಬಿದ ಗ್ಲಾಸು. ಬಿಳಿ ಬೆಳಕಿನಲ್ಲಿ ಗ್ಲಾಸಿನ ಅಂಚು ಹೊಳೆಯುತ್ತಿತ್ತು.

"ಓದು," ಎಂದಳು ಕುಸುಮ.

"ಬೇಡ ಕುಸುಮಾ."

"ಓದು."

ಪ್ಯಾಟ್ರಿಷಿಯಾ ತೊದಲುತ್ತ ಓದಿದಳು. ಹೆಂಚುಗಾರರ ಇಬ್ಬರು ಮಕ್ಕಳು. ಒಬ್ಬ ದುಡಿದು ಮೇಲೆ ಬಂದ, ಇನ್ನೊಬ್ಬನನ್ನು ಕುಡಿತ ನುಂಗಿತು. ಸತ್ತ ಮೇಲೂ ಮನೆಯವರು ಅವನ ಚಿತ್ರದ ಮುಂದೆ ಇಟ್ಟದ್ದು ಅವನಿಗೆ ಪ್ರಿಯವಾದ ಬಾಟಲಿ. ಆದರೂ ಕೊಮೆಂದಾತೋರೆ ಒಂದು ಕೆಟ್ಟ ಮಾತಾಡಲಿಲ್ಲ, ಬರಿಗಾಲಲ್ಲಿ ನಿಂತು ಪ್ರಾರ್ಥಿಸಿದರು.

ಆಗ ಕುಸುಮಳಿಗೆ ಬಾಗಿಲ ಸಂದಿಯ ಬೆಳಕು ಯಾವುದೆಂದು ತಿಳಿಯಿತು.

ಇದನ್ನು ಕೊರಗಪ್ಪಣ್ಣನಿಗೆ ಹೇಗೆ ಹೇಳುವುದು? ಅವಳು ಹೇಳಲಿಲ್ಲ. ಆದರೆ ರೂವಿ ದೊಡ್ಡ ಊರಲ್ಲ. ಯಾರೋ ಪತ್ರಿಕೆಯನ್ನೇ ಅಂಗಡಿಗೆ ಒಯ್ದು ತೋರಿಸಿದರು. ಎರಡು ದಿನ ಅಂಗಡಿ ತೆರೆಯಲಿಲ್ಲ. ಅವನಿಗೆ ವೀಸಾ ಕೊಡಿಸಿದ್ದ ಅರಬ ಕಫೀಲ್, ಒಳ್ಳೆಯ ಮನುಷ್ಯ, ಕಾಯಿಲೆಯೇ ಎಂದು ಕೇಳಲು ಮನೆಗೇ ಬಂದಿದ್ದನಂತೆ. ಮೂರನೆಯ ದಿನ ಕೊರಗಪ್ಪಣ್ಣ ಕುಸುಮಳ ಬಾಗಿಲಿಗೆ ಬಂದು, ಒಳಗೆ ಬಾರದೆ, ಹೊಸ್ತಿಲಿನಾಚೆ ನಿಂತ.

"ಅವ ಬರ್ಲಿಲ್ಲ ಅಲ್ವಾ ಮಗಾ?" ಎಂದಷ್ಟೇ ಕೇಳಿದ.

ಬಾಟಲಿ ಇಟ್ಟದ್ದು ತಪ್ಪಾಯಿತು ಎಂದು ಅವನು ಹೇಳಿದ್ದರೆ ಅವಳು ಏನಾದರೂ ಸಮಾಧಾನ ಹೇಳುತ್ತಿದ್ದಳು.

ಪತ್ರಿಕೆಗೆ ಫ್ಯಾಕ್ಸ್ ಮಾಡೋಣ ಎಂದವಳು ಪ್ಯಾಟ್ರಿಷಿಯಾ. ಸಿರಿಲ್‌ಗೆ ಗೊತ್ತಾದಾಗ ತಲೆ ಚಚ್ಚಿಕೊಂಡರು.

"ಯಾರಿಗೆ ಮಾರಾಯ್ತಿ ಫ್ಯಾಕ್ಸು? ಕಂಪೆನಿ ಅವರದ್ದು, ಪೇಪರ್ ಅವರದ್ದು, ಟೀವಿ ಅವರದ್ದು. ಕಪ್ಪೆ ಹೋಗಿ ಹಾವಿನ ಹತ್ರ ನ್ಯಾಯ ಕೇಳಿದ ಹಾಗೆ."

"ಹಾವಾದ್ರೆ ಹಾವು. ಕೇಳಿ ಆದ್ರೂ ಆಗ್ಲಿ," ಎಂದಳು ಪ್ಯಾಟ್ರಿಷಿಯಾ.

ಸಿರಿಲ್ ಎದ್ದು ಹೊರಗೆ ಹೋದರು. ಹೋಗುವಾಗ ಫ್ಯಾಕ್ಸ್ ಕೋಣೆಯ ಬೀಗದ ಕೈಯನ್ನು ಮೇಜಿನ ಮೇಲೆ ಬಿಟ್ಟಿದ್ದರು. ಅವರಿಂದ ಆದದ್ದು ಅಷ್ಟು.

ಇಬ್ಬರೂ ಕೂತು ಬರೆದರು. ಕುಸುಮ ಇಂಗ್ಲಿಷಿನಲ್ಲಿ ಹೇಳಿದಳು, ಪ್ಯಾಟ್ರಿಷಿಯಾ ಇಟಲಿಯ ಭಾಷೆಗೆ ತಿರುಗಿಸಿದಳು. ನನ್ನ ಗಂಡ ಎಂದೂ ಕುಡಿದವನಲ್ಲ. ಆ ಗ್ಲಾಸು ಅವನದ್ದಲ್ಲ. ಸತ್ತವರ ಜೊತೆ ಹಿರಿಯರೂ ಬರುತ್ತಾರೆಂದು ಅವರಿಗಾಗಿ ಇಡುವುದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ಕ್ರೇನಿನ ಹಗ್ಗ ಹಾಳಾಗಿದೆಯೆಂದು ಅವನು ಹೇಳಿದ್ದನು.

ಪತ್ರಿಕೆ ಅದನ್ನು ಅಚ್ಚು ಹಾಕಿತು. ಅಚ್ಚು ಹಾಕುತ್ತದೆ ಎಂದು ಯಾರೂ ನೆನೆಸಿರಲಿಲ್ಲ. ಅವಳ ಹೆಸರಿನ ಸಮೇತ, ಒಳಪುಟದ ಮೂಲೆಯಲ್ಲಿ. ಹಗ್ಗದ ಮಾತು ಇರಲಿಲ್ಲ. ಕುಡಿದವನಲ್ಲ ಎಂಬುದೂ ಇರಲಿಲ್ಲ. ಮೇಲೆ ದೊಡ್ಡ ಅಕ್ಷರದಲ್ಲಿ, ಹೆಂಡ ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ: ವಿಧವೆಯ ಮಾತು, ಎಂದಿತ್ತು.

ಪ್ಯಾಟ್ರಿಷಿಯಾ ಆ ದಿನ ಊಟದ ಡಬ್ಬಿ ತೆರೆಯಲಿಲ್ಲ. "ನಾನು ಬರೆದದ್ದು ಹಾಗಲ್ಲ. ದೇವರಾಣೆ ಹಾಗಲ್ಲ ಕುಸುಮಾ," ಎಂದು ಮತ್ತೆ ಮತ್ತೆ ಹೇಳಿದಳು. ಕುಸುಮಳಿಗೆ ಅದು ಗೊತ್ತಿತ್ತು. ಗೊತ್ತಿದ್ದು ಮಾಡುವುದೇನು?

ಮೇ ತಿಂಗಳಲ್ಲಿ ಇಟಲಿಯ ಪೊಲೀಸರು ಧಣಿಯನ್ನು ಹಿಡಿದುಕೊಂಡು ಹೋದರು. ಯಾವುದೋ ಬಂದರಿನ ಗುತ್ತಿಗೆಗೆ ಮಂತ್ರಿಗಳಿಗೆ ಲಂಚ ಕೊಟ್ಟನೆಂದು. ಆಫೀಸಿನಲ್ಲಿ ಎಲ್ಲರೂ ಪಿಸುಗುಟ್ಟಿದರು. ಇನ್ನು ಸತ್ಯ ಹೊರಬರುತ್ತದೆ ಎಂದು ಪ್ಯಾಟ್ರಿಷಿಯಾ ಮೇಣದ ಬತ್ತಿ ಹಚ್ಚಿದಳು. ಧಣಿಯ ವಿರೋಧಿಗಳ ಪತ್ರಿಕೆಯೊಂದನ್ನು ಯಾರೋ ತಂದುಕೊಟ್ಟರು. ಅದರಲ್ಲೂ ಅಮೇರಾತಿನ ಕ್ರೇನಿನ ಸುದ್ದಿ ಇತ್ತು. ಪ್ಯಾಟ್ರಿಷಿಯಾ ಆಸೆಯಿಂದ ಓದಲು ಶುರುಮಾಡಿದವಳು ನಡುವೆ ನಿಲ್ಲಿಸಿದಳು.

"ಎಂತ?"

"ಕುಡುಕರ ಕೈಯಲ್ಲಿ ಕ್ರೇನು ಕೊಟ್ಟು ಆ ಹುಡುಗನನ್ನು ಕೊಂದ ಅಂತ ಧಣಿಗೆ ಬೈದಿದ್ದಾರೆ."

ಪಕ್ಕದಲ್ಲಿ ಅದೇ ಚಿತ್ರ. ಅದೇ ಗ್ಲಾಸು. ಧಣಿಯನ್ನು ಹೊಗಳುವವರಿಗೂ ಅದು ಬೇಕಾಗಿತ್ತು, ತೆಗಳುವವರಿಗೂ ಬೇಕಾಗಿತ್ತು.

ಕೆಲವು ವಾರಗಳಲ್ಲಿ ಧಣಿ ಹೊರಬಂದ. ಆತನ ಟೀವಿ ಆತನನ್ನು ಹೂ ಎರಚಿ ಬರಮಾಡಿಕೊಂಡಿತು. ಕೋರೆಯ ಕೆಲಸ ಬೇರೆ ಕಂಪೆನಿಗೆ ಹೋಯಿತು. ಕ್ರೇನನ್ನು ಗುಜರಿಗೆ ಹಾಕಿದರು, ತುಂಡಾದ ಹಗ್ಗದ ಸಮೇತ. ಆಫೀಸಿನಲ್ಲಿ ಜನ ಕಡಿಮೆ ಮಾಡಿದರು. ಕುಸುಮಳ ವೀಸಾ ಆಗಸ್ಟಿಗೆ ಮುಗಿಯುವುದಿತ್ತು. ಅದನ್ನು ಮುಂದುವರಿಸಲಿಲ್ಲ. ಹೇಳಲು ಬಂದ ಸಿರಿಲ್ ಕನ್ನಡಕ ತೆಗೆದವರು ಹಾಕಿಕೊಳ್ಳಲೇ ಇಲ್ಲ.

ಒಂದು ಸಂಜೆ ಮೋಹಿನಿ ಕೆಳಗಿನ ಮನೆಯ ಮಕ್ಕಳೊಡನೆ ಆಡಲು ಹೋದವಳು ಬೇಗ ಬಂದಳು. ಚಪ್ಪಲಿಯನ್ನು ಜೋಡಿಸಿಟ್ಟಳು. ಅವಳು ಎಂದೂ ಜೋಡಿಸಿಡುವವಳಲ್ಲ.

"Amma, was Papa drunk?"

"ಯಾರು ಹೇಳಿದ್ದು?"

"Everybody. They saw the photo."

"ಇಲ್ಲ ಮಗಾ."

"Then why did you keep it?"

ಕುಸುಮ ಹೇಳಿದಳು. ಅಜ್ಜನ ಬಗ್ಗೆ, ಹಿರಿಯರ ಬಗ್ಗೆ, ಮನೆಗೆ ಬಂದವರ ಬಗ್ಗೆ. ಮಗಳು ಕೇಳಿದಳು. ಕೇಳಿ, "Okay," ಎಂದಳು. ದೊಡ್ಡವರು ಮಾತು ಮುಗಿಸಲು ಹೇಳುವ ಹಾಗೆ.

ಆಟಿ ತಿಂಗಳು ಬಂತು. ಊರಿನಲ್ಲಿ ಸತ್ತವರನ್ನು ಕರೆದು ಬಡಿಸುವ ತಿಂಗಳು. ಇನ್ನೊಂದು ವಾರದಲ್ಲಿ ಮನೆ ಬಿಡಬೇಕಿತ್ತು. ಪೆಟ್ಟಿಗೆಗಳ ನಡುವೆ ಗೋಡೆಯಲ್ಲಿ ಸೇಸಪ್ಪನ ಚಿತ್ರವೊಂದೇ ಉಳಿದಿತ್ತು. ಕೊರಗಪ್ಪಣ್ಣ ಕೋಳಿ ತಂದ, ಎಲೆ ತಂದ. ಅಡುಗೆ ಇಬ್ಬರೂ ಸೇರಿ ಮಾಡಿದರು, ಹೆಚ್ಚು ಮಾತಿಲ್ಲದೆ. ಎಲೆಗೆ ಎಲ್ಲ ಬಡಿಸಿ ಆದ ಮೇಲೆ ಕುಸುಮ ಅವನ ಕೈಚೀಲದ ಕಡೆ ನೋಡಿದಳು. ಅದು ಚಪ್ಪಟೆಯಾಗಿ ಮಡಚಿಕೊಂಡು ಬಿದ್ದಿತ್ತು.

"ತರ್ಲಿಲ್ವಾ?"

"ಇಲ್ಲ ಮಗಾ. ಬೇಡ. ಸಾಕಾಯ್ತು."

"ಅವರ ಒಟ್ಟಿಗೆ ಬರುವವರಿಗೆ?"

ಕೊರಗಪ್ಪಣ್ಣ ಹೆಗಲ ಬಟ್ಟೆಯಿಂದ ಮುಖ ಒರೆಸಿಕೊಂಡ. ಆ ದಿನಗಳಲ್ಲಿ ಅವನು ತೀರ ಇಳಿದುಹೋಗಿದ್ದ. "ನನಗೆ ಗೊತ್ತಿಲ್ಲ," ಎಂದ. "ಫ್ರೆಡ್ಡಿ ಕೆಳಗೆ ಕಾರಲ್ಲಿ ಉಂಟು. ಬೇಕು ಅಂದ್ರೆ ಈಗ ತರ್ತಾನೆ. ನೀನೇ ಹೇಳು."

ಮೋಹಿನಿ ಬಾಗಿಲಿಗೆ ಒರಗಿ ನಿಂತು ಇಬ್ಬರನ್ನೂ ನೋಡುತ್ತಿದ್ದಳು. ಅವಳ ಕಣ್ಣು ಎಲೆಯ ಪಕ್ಕದ ಖಾಲಿ ಜಾಗದ ಮೇಲಿತ್ತು.

ಇಟ್ಟರೆ ಬದುಕಿದವರ ನಡುವೆ ಅವನ ಹೆಸರು ಹೋಗುತ್ತದೆ. ಇಡದಿದ್ದರೆ ಸತ್ತವರ ನಡುವೆ. ಎರಡೂ ಕಡೆ ಅವನ ಪರವಾಗಿ ನಿಲ್ಲಲು ಅವಳೊಬ್ಬಳೇ ಇದ್ದದ್ದು. ಒಂದು ಕಡೆಯಲ್ಲಿ ಮಾತ್ರ ನಿಲ್ಲಲು ಸಾಧ್ಯವಿತ್ತು.

ಅವಳು ಅಡುಗೆಮನೆಗೆ ಹೋಗಿ ಎಳನೀರಿನ ಡಬ್ಬಿ ಒಡೆದಳು. ಗ್ಲಾಸಿಗೆ ಹೊಯ್ದು ತಂದು ಎಲೆಯ ಪಕ್ಕದಲ್ಲಿಟ್ಟಳು. ಮೋಹಿನಿ ಗ್ಲಾಸನ್ನು ಮೂಸಿ ನೋಡಲೆಂದು ಬಗ್ಗಿದಳು. ಕೊರಗಪ್ಪಣ್ಣ ತಡೆಯಲು ಕೈ ಎತ್ತಿದವನು ಇಳಿಸಿದ. ಸತ್ತವರ ಎಲೆಯದನ್ನು ಮೊದಲು ಮೂಸಬಾರದು. ಮಗುವಿಗೆ ಅದನ್ನು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

"It's only bonda," ಎಂದಳು ಮೋಹಿನಿ, ನೆಟ್ಟಗಾಗಿ.

ಕುಸುಮ ಅಡುಗೆಮನೆಯ ಹಿಂದಿನ ಬಾಗಿಲಿಗೆ ಚಿಲಕ ಹಾಕಿದಳು, ಎಳೆದು ನೋಡಿದಳು. ಪರದೆ ಎಳೆದಳು. ಕೊರಗಪ್ಪಣ್ಣ ಕೈ ಮುಗಿದು ನಿಂತ. "ಬಲೆ," ಎಂದ. ಬನ್ನಿ. ಮಾತೆರ್‌ಲಾ ಎನ್ನಲಿಲ್ಲ. ಎಲ್ಲರನ್ನೂ ಕರೆಯಲು ಅವನಿಗೆ ಬಾಯಿ ಬರಲಿಲ್ಲ.

ಮೂವರೂ ಹೊರಗೆ ಬಂದು ಬಾಗಿಲು ಹಾಕಿಕೊಂಡರು. ಕಾರಿಡಾರಿನಲ್ಲಿ ಬೆಂಕಿಯಂಥ ಸೆಕೆ. ಕೆಳಗೆ ಬಸ್ಸೊಂದು ತಿರುಗುವ ಸದ್ದು. ಅಂದು ಧಣಿ ಬರಿಗಾಲಲ್ಲಿ ನಿಂತಿದ್ದ ಜಾಗದಲ್ಲಿ ಕೊರಗಪ್ಪಣ್ಣ ಕುಕ್ಕರಗಾಲಿನಲ್ಲಿ ಕೂತ. ಯಾರೂ ಹೇಳದೆಯೇ ಮೂವರ ಕಣ್ಣೂ ಬಾಗಿಲ ಕೆಳಗಿನ ಸಂದಿಗೆ ಹೋಯಿತು.

ಒಳಗೆ ಸೇಸಪ್ಪ ಒಬ್ಬನೇ ಬಂದಿರಬಹುದು. ಅಥವಾ ಅಪ್ಪನನ್ನೂ ಅಜ್ಜನನ್ನೂ ಕರೆತಂದು, ಎಳನೀರಿನ ಗ್ಲಾಸಿನ ಮುಂದೆ ತಲೆ ತಗ್ಗಿಸಿ ಕೂತಿರಬಹುದು. ಅಥವಾ ಯಾರೂ ಇರಲಿಕ್ಕಿಲ್ಲ. ಕುಸುಮ ಕಣ್ಣು ಕೀಳದೆ ನೋಡಿದಳು.

"Amma," ಎಂದಳು ಮೋಹಿನಿ ಸ್ವಲ್ಪ ಹೊತ್ತಿನ ಮೇಲೆ. "No light today."

"ಇಲ್ಲ," ಎಂದಳು ಕುಸುಮ.

ತಟ್ಟಿ ಒಳಗೆ ಹೋಗುವ ಹೊತ್ತಾಗಿತ್ತು. ಕೊರಗಪ್ಪಣ್ಣ ಏಳಲಿಲ್ಲ. ಕುಸುಮ ಕೈ ಎತ್ತಿ ಬಾಗಿಲ ಮೇಲಿಟ್ಟಳು. ತಟ್ಟಲಿಲ್ಲ.